ಆರಲ್ಲ, ಏಳು

ಹೋದ ತಿಂಗಳು ಮೈಸೂರಲ್ಲಿ ಸಂಬಂಧಿಕರದ್ದೊಂದು ಗೃಹಪ್ರವೇಶ. ಎರಡನೇ ಪಂಕ್ತಿಗೆ ಕೂತಿದ್ವಿ, ನನ್ನ ಎಡಕ್ಕೆ ಸೋದರಮಾವ, ಬಲಕ್ಕೆ ಮನೆಯವರ ಕಡೆಯ ಯಾರೋ ಹುಡುಗ, ಪಿಯುಸಿ ಇರ್ಬೇಕು, ಎಡಗೈಲಿ ಫೋನು ಬಲಗೈಲಿ ಬಿಸಿಬೇಳೆಬಾತು. ಮಾತು ಎಲ್ಲೋ ಶುರುವಾಗಿ ಐಪಿಎಲ್ಲಿಗೆ ಬಂತು, ಅಲ್ಲಿಂದ ಮನೀಶ್ ಪಾಂಡೆ ಹೆಸರು ಬಂತು, ನಾನು ಬಾಯ್ಮುಚ್ಕೊಂಡು ಊಟ ಮಾಡೋದು ಬಿಟ್ಟು "ಪಾಂಡೆನ ನೀನು ಇಲ್ಲೇ ಗಂಗೋತ್ರಿ ಗ್ರೌಂಡಲ್ಲಿ ನೋಡ್ಬೇಕಿತ್ತು ಕಣೋ, ಮುಂಬೈ ಮೇಲೆ ರಣಜಿ ಫೈನಲ್ಲು, 144 ಹೊಡ್ದ, ಆರು ರನ್ನಲ್ಲಿ ಸೋತ್ವಿ" ಅಂದೆ. ಅಲ್ಲೀವರೆಗೂ ಈ ಕಡೆ ಕಿವಿಯೇ ಇಲ್ಲ ಅನ್ನೋ ಹಾಗೆ ಕೋಸಂಬರಿ ತಿಂತಿದ್ದ ಮಾವ ತಲೆ ಎತ್ತದೇನೇ "ಆರಲ್ಲ, ಏಳು" ಅಂದ್ರು.

ಹುಡುಗ ಫೋನಲ್ಲಿ ಹುಡುಕಿ "ಅಂಕಲ್, ಆರು ಅಂತಾನೇ ಇದೆ" ಅಂದ. ಮಾವ ಅವನ ಕಡೆ ತಿರುಗಲಿಲ್ಲ, ಬಡಿಸೋರಿಗೆ ಮಜ್ಜಿಗೆ ಬೇಕು ಅಂದ್ರು ಅಷ್ಟೇ.

ಲೆಕ್ಕ ಮಾವಂದೂ ತಪ್ಪಿಲ್ಲ. ಗೆಲ್ಲೋಕೆ ಬೇಕಿದ್ದಿದ್ದು 338, ನಾವು ಆಲೌಟ್ ಆಗಿದ್ದು 331ಕ್ಕೆ. ಮುಂಬೈ ಕಡೆ ನಿಂತು ಎಣಿಸಿದ್ರೆ ಆರು ರನ್ ಗೆಲುವು, ನಮ್ಮ ಕಡೆ ನಿಂತು ಎಣಿಸಿದ್ರೆ ಕೈಗೆ ಸಿಗದೇ ಹೋಗಿದ್ದು ಏಳು, ಆರು ಹೊಡೆದಿದ್ರೂ ಟೈ ಆಗ್ತಿತ್ತು ಅಷ್ಟೇ. ಮಾವ ರಿಟೈರ್ ಆಗೋವರೆಗೂ ಒಂದು ಸೊಸೈಟಿಯಲ್ಲಿ ಲೆಕ್ಕ ಬರೀತಿದ್ದವರು, ಒಂದು ರೂಪಾಯಿ ಹೆಚ್ಚುಕಮ್ಮಿ ಬಂದ್ರೆ ರಾತ್ರಿ ಒಂಬತ್ತರವರೆಗೂ ಕೂತು ಹುಡುಕಿ ಆಮೇಲೆ ಮನೆಗೆ ಬರೋರು. ಅಂಥವರಿಗೆ ಆ ಒಂದು ರನ್ ಪೇಪರ್‌ನವರು ಎಲ್ಲಿ ನುಂಗಿದ್ರು ಅನ್ನೋದು ಇವತ್ತಿಗೂ ಸಿಟ್ಟು.

ಬೆಂಗಳೂರಿಗೆ ವಾಪಸ್ ಬರೋವಾಗ ಟ್ರೈನಲ್ಲಿ ಕೂತು ನಂಗೆ ಕೊರೀತಿದ್ದಿದ್ದು ಬೇರೆ. ಕರ್ನಾಟಕ ಎಂಟು ಸಲ ರಣಜಿ ಗೆದ್ದಿದೆ. 2013-14, 2014-15 ಎರಡು ವರ್ಷ ಸಾಲಾಗಿ ಗೆದ್ದಾಗ ನಾನು ದುಡಿಯೋಕೆ ಶುರು ಮಾಡಿದ್ದೆ, ಕೈಲಿ ಸ್ಮಾರ್ಟ್‌ಫೋನಿತ್ತು, ಬಾಲ್ ಬಾಲ್ ಫಾಲೋ ಮಾಡಿದೀನಿ. ವಾಂಖೆಡೆಯಲ್ಲಿ ತಮಿಳುನಾಡು ಮೇಲೆ ಕರುಣ್ ನಾಯರ್ 328 ಹೊಡೆದ ಫೈನಲ್ಲನ್ನ ಹೇಳು ಅಂದ್ರೆ ನಂಗೆ ಆ 328 ಬಿಟ್ರೆ ಬೇರೆ ಹೇಳೋಕೆ ಬರಲ್ಲ. ಅವತ್ತು ಏನು ತಿಂದೆ, ಯಾರ ಜೊತೆ ಇದ್ದೆ, ಒಂದೂ ನೆನಪಿಲ್ಲ. ಅದೇ ಗಂಗೋತ್ರಿಯಲ್ಲಿ ಸೋತ ದಿನ, 2010ರ ಜನವರಿ 14 ಅಂದ್ರೆ ಮಾವ ಹಾಕಿದ್ದ ಸ್ವೆಟರ್ ಬಣ್ಣ ಬೇಕಾದ್ರೂ ಹೇಳ್ತೀನಿ. (ಇಟ್ಟಿಗೆ ಬಣ್ಣ. ಮೊಣಕೈ ಹತ್ರ ಅತ್ತೆ ಬೇರೆ ಉಲ್ಲನ್ನಲ್ಲಿ ರಿಪೇರಿ ಮಾಡಿದ್ರು.)

ಗಂಗೋತ್ರಿ

2009-10ರ ಸೀಸನ್ ನೋಡಿದವರಿಗೆ ಗೊತ್ತು, ಆ ವರ್ಷ ಕಪ್ ನಮ್ದೇ ಅಂತ ಎಲ್ರೂ ಒಳಗೊಳಗೇ ಬರ್ಕೊಂಡಿದ್ರು. ಮೀರತ್‌ನಲ್ಲಿ ಯುಪಿ ಮೇಲೆ ಅಭಿಮನ್ಯು ಮಿಥುನ್ ಅನ್ನೋ ಹುಡುಗ ಮೊದಲ ರಣಜಿ ಮ್ಯಾಚಲ್ಲೇ ಹ್ಯಾಟ್ರಿಕ್ ಸೇರಿ 11 ವಿಕೆಟ್ ತೆಗೆದ. ಅದಕ್ಕೂ ಕೆಲವೇ ವರ್ಷ ಹಿಂದೆ ಅವನು ಡಿಸ್ಕಸ್ ಎಸೀತಿದ್ದ ಅಂತ ಓದಿ ನಮ್ಮ ಕಾಲೇಜಿನ ಪಿಇಟಿ ಮೇಷ್ಟ್ರು ನಮ್ಮನ್ನೆಲ್ಲ ಒಂದು ಥರ ನೋಡಿದ್ರು. ಸೀಸನ್ ಮುಗಿಯೋ ಹೊತ್ತಿಗೆ ಮಿಥುನ್ 47 ವಿಕೆಟ್, ಇನ್ನೊಂದು ಕಡೆಯಿಂದ ವಿನಯ್ ಕುಮಾರ್ 46, ಬ್ಯಾಟಿಂಗಲ್ಲಿ ಪಾಂಡೆ 882 ರನ್, ಇಡೀ ದೇಶಕ್ಕೆ ಫಸ್ಟು. ದ್ರಾವಿಡ್ ಇಂಡಿಯಾ ಟೀಮ್ ಜೊತೆ ಬಾಂಗ್ಲಾದೇಶಕ್ಕೆ ಹೋಗಿದ್ರು, ಆ ಕಡೆ ಸಚಿನ್ನು ಜಹೀರೂ ಇರಲಿಲ್ಲ, ಹಂಗಾಗಿ ಅದು ಸರಿಸಮ. ರಾಬಿನ್ ಉತ್ತಪ್ಪ ಕ್ಯಾಪ್ಟನ್, ಎದುರಿಗೆ ವಾಸಿಂ ಜಾಫರ್. ಎಲ್ಲಕ್ಕಿಂತ ಹೆಚ್ಚಾಗಿ ಫೈನಲ್ ನಡೆಯೋದು ಮೈಸೂರಲ್ಲಿ, ಗಂಗೋತ್ರಿ ಗ್ಲೇಡ್ಸಲ್ಲಿ. ರಾಜ್ಯದ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಗೆ ಆಗ ನಮ್ಮ ಒಡೆಯರೇ ಪ್ರೆಸಿಡೆಂಟು, ಅದಕ್ಕೇ ಮ್ಯಾಚ್ ಇಲ್ಲಿಗೆ ಬಂತು ಅಂತ ಮಾವ, ಪಿಚ್ಚಲ್ಲಿ ಹುಲ್ಲಿದೆ ಮಿಥುನ್‌ಗೆ ಹೇಳಿ ಮಾಡಿಸಿದ ಹಾಗಿದೆ ಅದಕ್ಕೇ ಬಂತು ಅಂತ ನನ್ನ ಫ್ರೆಂಡ್ಸು. ಏನಾದ್ರೂ ಆಗಿರ್ಲಿ, ಸರಸ್ವತಿಪುರಂನಿಂದ ನಡ್ಕೊಂಡು ಹೋಗೋ ದೂರದಲ್ಲಿ ರಣಜಿ ಫೈನಲ್ ನೋಡೋದು ಅಂದ್ರೆ ಜನ್ಮಕ್ಕೊಂದು ಸಲ.

ಮೊದಲ ಮೂರು ದಿನ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಅದು ನೋಡೋಕೆ ಚೆನ್ನಾಗಿರ್ಲಿಲ್ಲ. ಮುಂಬೈ 233, ನಾವು 130. ಆವಿಷ್ಕಾರ್ ಸಾಳ್ವಿ 31 ರನ್ ಕೊಟ್ಟು 5 ವಿಕೆಟ್. ಎರಡನೇ ಇನಿಂಗ್ಸಲ್ಲಿ ಮುಂಬೈ ಕಥೆ ಮುಗೀತು ಅಂದ್ಕೊಂಡಾಗ ಧವಳ್ ಕುಲಕರ್ಣಿ, ಬೌಲರ್ ಸ್ವಾಮಿ ಅವನು, ನಿಂತು 87 ಹೊಡ್ದ, 234. ನಮಗೆ 338 ಟಾರ್ಗೆಟ್. ಅದುವರೆಗೂ ಆ ಪಿಚ್ಚಲ್ಲಿ ಯಾವ ಇನಿಂಗ್ಸೂ 250 ಮುಟ್ಟಿರ್ಲಿಲ್ಲ. ಬೇಗ ಮೂರು ವಿಕೆಟ್ಟೂ ಹೋದ್ವು. ಆಮೇಲೆ ಪಾಂಡೆ, ಗಣೇಶ್ ಸತೀಶ್ ಸೇರಿದ್ರು, ಮೂರನೇ ದಿನ ಸಂಜೆ ಇಬ್ರೂ ಔಟಾಗದೇ ಒಳಗೆ ಹೋದ್ರು, ಆ ರಾತ್ರಿ ಮೈಸೂರಲ್ಲಿ ಕ್ರಿಕೆಟ್ ಗೊತ್ತಿರೋ ಯಾರೂ ಸರಿಯಾಗಿ ನಿದ್ದೆ ಮಾಡಿರಲ್ಲ.

ನಾಲ್ಕನೇ ದಿನ ಗುರುವಾರ, ಸಂಕ್ರಾಂತಿ. ಅತ್ತೆ ಬೆಳಿಗ್ಗೆನೇ ಕಟ್ಟುನಿಟ್ಟಾಗಿ ಹೇಳಿದ್ರು, ಮಧ್ಯಾಹ್ನ ಊಟಕ್ಕೆ ಇಬ್ರೂ ಮನೇಲಿರ್ಬೇಕು, ಬರೋವಾಗ ಕಬ್ಬು ತರ್ಬೇಕು, ನೆನ್ನೆ ತಂದ ಜಲ್ಲೆ ಚೆನ್ನಾಗಿಲ್ಲ. ಮಾವ ಎಲ್ಲಕ್ಕೂ ಹೂಂ ಅಂದ್ರು. ಒಂದು ಪುಟ್ಟ ಡಬ್ಬೀಲಿ ಎಳ್ಳುಬೆಲ್ಲ ಜೇಬಿಗೆ, ಕಂಕುಳಲ್ಲಿ ಉದ್ದದ ನೋಟ್‌ಬುಕ್ಕು. ಆ ನೋಟ್‌ಬುಕ್ ಬಗ್ಗೆ ಹೇಳ್ಬೇಕು. ಮಾವ ಯಾವ ಮ್ಯಾಚಿಗೆ ಹೋದ್ರೂ ತಾವೇ ಸ್ಕೋರ್ ಬರೀತಾರೆ, ಚುಕ್ಕೆ, ಒಂದು, ಎರಡು, ಫೋರಿಗೆ ಕೆಂಪು ರೀಫಿಲ್ಲು, ಓವರ್ ಮುಗಿದ್ಮೇಲೆ ಕೂಡಿ ಕೆಳಗೆ ಗೆರೆ. ಯಾರೂ ಕೇಳಿಲ್ಲ, ಯಾರಿಗೂ ತೋರ್ಸಲ್ಲ. "ಬೋರ್ಡ್ ಇದ್ಯಲ್ಲ ಮಾವ" ಅಂತ ಚಿಕ್ಕವನಿದ್ದಾಗ ಕೇಳಿದ್ದೆ, "ಬೋರ್ಡಲ್ಲಿರೋದು ಅವರ ಲೆಕ್ಕ" ಅಂದಿದ್ರು.

ಹೋಗೋ ಹೊತ್ತಿಗೇ ಗ್ರೌಂಡ್ ಸುತ್ತ ಜನ. ಕೂರೋಕೆ ಜಾಗ ಇಲ್ಲ ಅಂತ ಮರ ಹತ್ತಿದ್ರು, ಮರದ ಕೊಂಬೆ ಕೊಂಬೆಗೂ ಇಬ್ಬಿಬ್ರು, ಹಾಸ್ಟೆಲ್ ಹುಡುಗ್ರು. ನಮಗೆ ಒಂದು ಮರದ ಬುಡದಲ್ಲಿ ಜಾಗ ಸಿಕ್ತು. ಮೇಲೆ ಕೂತವನು ಹಬ್ಬದ ಕಬ್ಬು ತಂದಿದ್ದ, ಅಗಿದು ಅಗಿದು ಸಿಪ್ಪೆ ಕೆಳಗೆ ಉಗೀತಿದ್ದ, ಅದು ನೇರ ಮಾವನ ನೋಟ್‌ಬುಕ್ ಮೇಲೆ. ಬೇರೆ ದಿನ ಆಗಿದ್ರೆ ಮಾವ ಅವನ ವಂಶಾವಳಿ ತೆಗೀತಿದ್ರು. ಅವತ್ತು ಸಿಪ್ಪೆ ತೆಗೆದು ಪಕ್ಕಕ್ಕಿಟ್ಟು ಹಾಳೆ ಒರೆಸಿ ಬರೆಯೋದು ಮುಂದುವರೆಸಿದ್ರು, ಯಾಕಂದ್ರೆ ಪಾಂಡೆ ಹೊಡೀತಿದ್ದ. ಹೆಂಗೆ ಹೊಡೀತಿದ್ದ ಅಂದ್ರೆ, ನನ್ನ ವಯಸ್ಸಿನ ಹುಡುಗ ಅವನು, ಇಪ್ಪತ್ತು, ಹಿಂದಿನ ವರ್ಷ ಐಪಿಎಲ್‌ನಲ್ಲಿ ಸೆಂಚುರಿ ಹೊಡೆದ ಮೊದಲ ಇಂಡಿಯನ್ ಅನ್ನಿಸ್ಕೊಂಡಿದ್ದವನು, ಅದೇ ಕೈ ರಣಜಿ ಫೈನಲ್ಲಿನ ನಾಲ್ಕನೇ ಇನಿಂಗ್ಸಲ್ಲೂ ಓಡ್ತಿತ್ತು, ಹೆಚ್ಚುಕಮ್ಮಿ ಬಾಲಿಗೊಂದು ರನ್, ಪುಲ್ ಮಾಡಿದ್ರೆ ನಾವು ಬಾಲ್ ನೋಡೋ ಮುಂಚೆ ಬೇಲಿ ಹತ್ರ ಜನ ಚೆದುರೋದು ನೋಡ್ತಿದ್ವಿ. ಇನ್ನೊಂದು ಕಡೆ ಸತೀಶ್, ಅವನು ಹೊಡೆದಿದ್ದು ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ, ಆದ್ರೆ ಮಾವನ ನೋಟ್‌ಬುಕ್ಕಲ್ಲಿ ಅವನ ಸಾಲು ಇರುವೆ ಸಾಲಿನ ಥರ ಬೆಳೀತಾನೇ ಇತ್ತು. ಇಬ್ರೂ ಸೇರಿ 209. ಅಲ್ಲಿಗೆ ಬೇಕಿದ್ದಿದ್ದು ನೂರರೊಳಗೆ, ಎಳ್ಳುಬೆಲ್ಲದ ಡಬ್ಬಿ ಗೊತ್ತಿಲ್ಲದವರ ಕೈಗೆಲ್ಲ ಹೋಗಿ ಖಾಲಿಯಾಗಿ ವಾಪಸ್ ಬಂತು.

ಆಮೇಲೆ ಮುಂಬೈ ಬೌಲರ್ ಅಗರ್ಕರ್. ನಾವೆಲ್ಲ ಅವನ ಕಥೆ ಮುಗೀತು ಅಂದ್ಕೊಂಡಿದ್ವಿ, ಟಿವಿಯಲ್ಲಿ ಅವನನ್ನ ನೋಡಿ ನಕ್ಕ ಪೀಳಿಗೆ ನಮ್ದು. ಆ ಇನಿಂಗ್ಸಲ್ಲಿ 81ಕ್ಕೆ 5. ಪಾಂಡೆ 144ಕ್ಕೆ ಹೋದ, ಸತೀಶ್ 75ಕ್ಕೆ ಹೋದ, ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು, ಕೂತ್ಕೋಳೋ ಮುಂಚೆ ಇನ್ನೊಂದು, ಮತ್ತೆ ಇನ್ನೊಂದು. ರನ್ನೂ ಬರ್ತಿತ್ತು, ವಿಕೆಟ್ಟೂ ಹೋಗ್ತಿತ್ತು. ಮೇಲಿದ್ದ ಹುಡುಗ ಕಬ್ಬು ಅಗಿಯೋದು ನಿಲ್ಲಿಸಿದ್ದ.

ಇಪ್ಪತ್ತರ ಹತ್ತಿರ ಬೇಕಿದ್ದಾಗ ಮಾವ ರೀಫಿಲ್ಲು ಜೇಬಿಗಿಟ್ಟು ನೋಟ್‌ಬುಕ್ ಮುಚ್ಚಿ ಎದ್ರು. "ಬಾರೋ, ನಿಮ್ಮತ್ತೆ ಕಾಯ್ತಿರ್ತಾಳೆ." ನಾನು ತಮಾಷೆ ಅಂದ್ಕೊಂಡೆ. ಅವ್ರು ಆಗಲೇ ಜನರ ಮಧ್ಯ ಜಾಗ ಮಾಡ್ಕೊಂಡು ನಡೀತಿದ್ರು. ನಾನು ಅಲ್ಲೇ ಉಳೀಬಹುದಿತ್ತು, ಇಪ್ಪತ್ತು ವರ್ಷದವನು, ಯಾರು ಕೇಳ್ತಿದ್ರು. ಯಾಕೋ ಹಿಂದೆ ಹೋದೆ, ಹಿಂದಕ್ಕೆ ನೋಡ್ತಾ ನೋಡ್ತಾ.

ಹೊರಗೆ ಸ್ಕೂಟರ್ ನಿಲ್ಲಿಸಿದ ಕಡೆ ಹೋಗಿ ಮಾವ ಸ್ಟಾರ್ಟ್ ಮಾಡ್ಲಿಲ್ಲ. ಸೀಟ್ ಒರೆಸಿದ್ರು. ಕನ್ನಡಿ ಒರೆಸಿದ್ರು. ಒಳಗಿಂದ ಸದ್ದು ಬರ್ತಿತ್ತು, ಅಲ್ಲಿ ನಿಂತು ಕೇಳಿದ್ರೆ ಒಂದು ರನ್ನಿನ ಸದ್ದೇ ಬೇರೆ ಫೋರಿನ ಸದ್ದೇ ಬೇರೆ ಅಂತ ಐದು ನಿಮಿಷದಲ್ಲಿ ಗೊತ್ತಾಯ್ತು, ಇಬ್ರೂ ಬಾಯಿ ಬಿಡದೇ ಬೆರಳಲ್ಲಿ ಎಣಿಸ್ತಿದ್ವಿ, ಮಾವನ ಬೆರಳು ನಾನು ನೋಡ್ತಿದ್ದೆ ನನ್ನ ಬೆರಳು ಅವ್ರು ನೋಡ್ತಿದ್ರು. ಆಮೇಲೊಂದು ಕೂಗು ಬಂತು. ಅದು ಸುತ್ತಲಿಂದ ಬಂದಿದ್ದಲ್ಲ, ನಡುಮಧ್ಯದಿಂದ ಬಂತು, ಚಿಕ್ಕದಾಗಿ, ಚೂಪಾಗಿ. ಅಷ್ಟು ಸಾವಿರ ಜನ ಸೇರಿದ ಗ್ರೌಂಡಲ್ಲಿ ಬರೀ ಹನ್ನೊಂದು ಜನರ ಕೂಗು ಹೊರಗೆ ರೋಡಿಗೆ ಕೇಳ್ಬೇಕಂದ್ರೆ ಉಳಿದವರೆಲ್ಲ ಎಷ್ಟು ಸುಮ್ಮನಿರ್ಬೇಕು ಯೋಚ್ನೆ ಮಾಡಿ. ಮಾವ ಕಿಕ್ ಹೊಡೆದ್ರು. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು.

ಕಬ್ಬು ತರೋದು ಮರ್ತ್ವಿ.

705

ಮನೆಗೆ ನೇರ ಹೋಗ್ಲಿಲ್ಲ. ಕುಕ್ಕರಹಳ್ಳಿ ಕೆರೆ ಏರಿ ಹತ್ರ ಗಾಡಿ ನಿಲ್ಲಿಸಿ ಮಾವ ಕಾಫಿಯಿಲ್ಲ ಟೀಯಿಲ್ಲ ಸುಮ್ನೆ ನಿಂತ್ರು. "ಕೊನೇವರೆಗೂ ಇದ್ರೆ ಏನಾಗ್ತಿತ್ತು ಮಾವ" ಅಂದೆ, ಸ್ವಲ್ಪ ಜೋರಾಗೇ ಅಂದೆ ಅನ್ಸುತ್ತೆ. ಆಗ ಹೇಳಿದ್ದು ಕೋಟ್ಲಾ ಕಥೆ.

1981-82ರ ಫೈನಲ್ಲು, ಡೆಲ್ಲಿಯ ಕೋಟ್ಲಾ ಗ್ರೌಂಡಲ್ಲಿ ಡೆಲ್ಲಿ ಮೇಲೆ. ಅದಕ್ಕೆ ಹಿಂದಿನ ಸೆಮಿಫೈನಲ್ಲಲ್ಲಿ ನಮ್ಮ ರಘುರಾಮ್ ಭಟ್ ಸ್ಪಿನ್ನಿಗೆ ದಾರಿ ಕಾಣದೆ ಗವಾಸ್ಕರ್ ಎಡಗೈಲಿ ಬ್ಯಾಟ್ ಮಾಡಿದ್ರು, ಆ ಕಥೆ ಎಲ್ರಿಗೂ ಗೊತ್ತು. ಫೈನಲ್ಲಲ್ಲಿ ಕರ್ನಾಟಕ 705. ಬ್ರಿಜೇಶ್ ಪಟೇಲ್, ರೋಜರ್ ಬಿನ್ನಿ, ಕಿರ್ಮಾನಿ, ಖಾನ್ವಿಲ್ಕರ್, ನಾಲ್ಕು ಸೆಂಚುರಿ. ಏಳುನೂರು ಹೊಡೆದ್ಮೇಲೆ ಇನ್ನೇನು ಲೀಡ್ ಸಿಕ್ಕಂಗೇ, ಮ್ಯಾಚ್ ಡ್ರಾ ಆದ್ರೆ ಮೊದಲ ಇನಿಂಗ್ಸಲ್ಲಿ ಲೀಡ್ ಸಿಕ್ಕವರಿಗೇ ಕಪ್ಪು. ಮಾವನಿಗಾಗ ಮೂವತ್ತೂ ಆಗಿರ್ಲಿಲ್ಲ, ಸೊಸೈಟಿಯಲ್ಲಿ ಆಗಷ್ಟೇ ಕೆಲಸ ಪರ್ಮನೆಂಟ್ ಆಗಿತ್ತು. ಡೆಲ್ಲಿಗೆ 589 ಆಗೋವಾಗ ಎಂಟು ವಿಕೆಟ್ ಬಿತ್ತು. ಲೀಡಿಗೆ ಅವರಿಗೆ ಇನ್ನೂ 117 ಬೇಕು, ಕೈಲಿರೋದು ಎರಡು ವಿಕೆಟ್. ಮಾವ ಆಫೀಸಿಗೆಲ್ಲ ಬಾದುಷಾ ತರಿಸಿ ಹಂಚಿಬಿಟ್ರು. ಹಂಚಿ ಬಂದು ರೇಡಿಯೋ ಪಕ್ಕ ಕೂತ್ರು, ಪೂರ್ತಿ ಕೇಳಿದ್ರು. ರಾಕೇಶ್ ಶುಕ್ಲಾ, ರಾಜೇಶ್ ಪೀಟರ್. ಆ ಎರಡು ಹೆಸರು ಮಾವ ಹೇಳೋ ರೀತಿ ಇವತ್ತಿಗೂ ಹಂಗೇ ಇದೆ, ಬ್ಯಾಂಕಲ್ಲಿ ಸಾಲ ತಗೊಂಡು ಓಡಿಹೋದವರ ಹೆಸರು ಓದೋ ಹಂಗೆ. ಇಬ್ರೂ ಔಟಾಗ್ಲೇ ಇಲ್ಲ. ಡೆಲ್ಲಿ 8 ವಿಕೆಟ್ಟಿಗೆ 707.

"ಮಾರನೇ ದಿನ ಆಫೀಸಿಗೆ ಹೋದ್ರೆ ಒಬ್ರೂ ಏನೂ ಅನ್ಲಿಲ್ಲ ಕಣೋ, ಎಲ್ರೂ ಬಾದುಷಾ ತಿಂದಿದ್ರಲ್ಲ" ಅಂದ್ರು ಮಾವ. ಮುಂದಿನ ವರ್ಷವೇ ಬಾಂಬೆಗೆ ಹೋಗಿ ಬಾಂಬೆಯನ್ನ ಸೋಲಿಸಿ ಕಪ್ ತಂದ್ರು ನಮ್ಮವರು. ಆ ಗೆಲುವಿನ ಬಗ್ಗೆ ಮಾವ ಕೆರೆ ಏರಿ ಮೇಲೆ ಹೇಳಿದ್ದು ಒಂದೇ ವಾಕ್ಯ, ನಾನು ಈಗ ಬರೆದೆನಲ್ಲ ಅಷ್ಟೇ. ಕೋಟ್ಲಾದಿಂದೀಚೆ ಅವ್ರು ಯಾವ ಟೈಟ್ ಮ್ಯಾಚಿನ ಕೊನೇ ಭಾಗವನ್ನೂ ಕೂತು ನೋಡಿಲ್ಲವಂತೆ. 1998-99ರ ಫೈನಲ್ಲು, ಮಧ್ಯಪ್ರದೇಶಕ್ಕೆ ಲೀಡ್ ಇತ್ತು, ಡ್ರಾ ಆಗಿದ್ರೆ ಕಪ್ ಅವರದ್ದು, ಚಿನ್ನಸ್ವಾಮಿಯಲ್ಲಿ ಕೊನೇ ದಿನ ವಿಜಯ್ ಭಾರದ್ವಾಜ್ ಆರು ವಿಕೆಟ್ ಕಿತ್ತು ಗೆಲ್ಲಿಸಿದ, ಅವತ್ತೂ ಮಾವ ಬೆಂಗಳೂರಲ್ಲೇ ಇದ್ರು, ಟೀ ಹೊತ್ತಿಗೆ ಎದ್ದು ಬಸ್ ಹತ್ತಿದ್ರು. ರಾಮನಗರದ ಹತ್ರ ಬಸ್ಸಲ್ಲಿ ಯಾರೋ ಹೇಳಿ ಗೆದ್ದಿದ್ದು ಗೊತ್ತಾಯ್ತಂತೆ. ಇದನ್ನ ಹೇಳೋವಾಗ ಅವರಿಗೆ ಬೇಜಾರೇನೂ ಇರ್ಲಿಲ್ಲ. ನಾನು ಎದ್ದಿದ್ದಕ್ಕೇ ಗೆದ್ದಿದ್ದು ಅನ್ನೋ ಸಣ್ಣ ಜಂಬ ಇತ್ತು, ಅದನ್ನ ಬಾಯಿಬಿಟ್ಟು ಹೇಳ್ಲಿಲ್ಲ.

ಮನೆಗೆ ಹೋದಾಗ ಅತ್ತೆ ಕಬ್ಬೆಲ್ಲಿ ಅಂದ್ರು. ಮಾವ ಸೋತ್ವಿ ಅಂದ್ರು. ಅತ್ತೆ "ಅದು ಗೊತ್ತಾಯ್ತು, ಕಬ್ಬೆಲ್ಲಿ" ಅಂದ್ರು.

ಮಾರನೇ ದಿನ ಅಮಾವಾಸ್ಯೆ, ಸೂರ್ಯಗ್ರಹಣ ಬೇರೆ. ನೆನಪಿದ್ಯಾ, ಕೇರಳದ ಕಡೆ ಕಂಕಣ ಪೂರ್ತಿ ಕಂಡ ಗ್ರಹಣ, 2010ರ ಜನವರಿ 15. ಅತ್ತೆ ಉಪ್ಪಿನಕಾಯಿ ಜಾಡಿ ಮೇಲೆಲ್ಲ ದರ್ಭೆ ಇಟ್ಟಿದ್ರು. ಮಧ್ಯಾಹ್ನ ಬಿಸಿಲು ಮಂಕಾಗಿ ಒಂಥರಾ ತಾಮ್ರದ ಬಣ್ಣಕ್ಕೆ ಬಂತು, ಮಾವ ಪೇಪರ್ ಮುಟ್ಟಿರ್ಲಿಲ್ಲ, ಗ್ರಹಣ ಬಿಡ್ಲಿ ಅಂದ್ರು. ಬಿಟ್ಟ ಮೇಲೂ ಮುಟ್ಟಿದ್ದು ನಾನು ನೋಡ್ಲಿಲ್ಲ.

ಎಲ್ಲಿ ಹೋಯ್ತು ಆ ಏಳು

ಮುಂದಿನ ಆರು ತಿಂಗಳು ನಮ್ಮ ಕಾಲೇಜಿನ ಮುಂದಿನ ಟೀ ಅಂಗಡಿಯಲ್ಲಿ ಒಬ್ಬೊಬ್ಬನ ಏಳು ರನ್ ಒಂದೊಂದು ಕಡೆ ಕಳೆದುಹೋಗಿತ್ತು. ಒಬ್ಬನ ಪ್ರಕಾರ ಧವಳ್ ಕುಲಕರ್ಣಿಯ 87ರಲ್ಲಿ, ಬೌಲರ್‌ಗೆ ಎಂಬತ್ತು ಕೊಟ್ರೆ ಸಾಲ್ದಾ ಅಂತ. ಇನ್ನೊಬ್ಬನಿಗೆ ಎಕ್ಸ್‌ಟ್ರಾಗಳಲ್ಲಿ. ಮೂರನೆಯವನು ಮಿಸ್‌ಫೀಲ್ಡ್‌ಗಳ ಪಟ್ಟಿನೇ ಮಾಡಿದ್ದ, ಎರಡನೇ ದಿನ ಪಾಯಿಂಟಲ್ಲಿ ಒಂದು, ಮೂರನೇ ದಿನ ಮಿಡಾನಲ್ಲಿ ಎರಡು, ಹಿಂಗೆ, ಕೂಡಿಸಿದ್ರೆ ಹನ್ನೊಂದು ಬರ್ತಿತ್ತು, ಅವನ ಲೆಕ್ಕದಲ್ಲಿ ನಾವು ನಾಲ್ಕು ರನ್ ಹೆಚ್ಚಿಗೇ ಗೆದ್ದಿದ್ವಿ. ಮಾವನದ್ದು ಸೀದಾ ಮಾತು, ಮೊದಲ ಇನಿಂಗ್ಸಿನ 130, ಕಳ್ಳತನ ನಡೆದಿದ್ದೇ ಅಲ್ಲಿ, ಉಳಿದಿದ್ದೆಲ್ಲ ಆಮೇಲೆ ಪೊಲೀಸ್ ಸ್ಟೇಷನ್ನಿಗೆ ಓಡಾಡಿದ್ದು.

ನಂಗನ್ಸೋದು ಏನಂದ್ರೆ, ಟ್ವೆಂಟಿ ಟ್ವೆಂಟಿಯಲ್ಲಿ ಆರು ರನ್ನಲ್ಲಿ ಸೋತ್ರೆ ಆ ಬಾಲ್ ಯಾವುದು ಅಂತ ತೋರ್ಸಬಹುದು, ಹದಿನೆಂಟನೇ ಓವರ್ ಎರಡನೇ ಬಾಲ್ ಲೈನಲ್ಲಿ ಹಿಡಿದ ಕ್ಯಾಚು, ಮುಗೀತು, ಬೈದು ಮಲ್ಕೋಬಹುದು. ಇಲ್ಲಿ ನಾಲ್ಕು ದಿನ, ನಾಲ್ಕು ಇನಿಂಗ್ಸು, ನಲವತ್ತು ವಿಕೆಟ್ಟು, ಎರಡೂ ಕಡೆ ಸೇರಿ 928 ರನ್. ಇದರಲ್ಲಿ ಏಳನ್ನ ಎಲ್ಲಿ ಅಂತ ಹುಡುಕ್ತೀರ? ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಜನ ಇನ್ನೂ ಬಂದೇ ಇಲ್ಲದ ಹೊತ್ತಲ್ಲಿ, ಯಾರೋ ಸ್ವಲ್ಪ ನಿಧಾನಕ್ಕೆ ಓಡಿ ಎರಡರ ಜಾಗದಲ್ಲಿ ಒಂದು ತಗೊಂಡಿರ್ತಾನೆ, ಅದು ಗುರುವಾರ ಮಧ್ಯಾಹ್ನ ಬಂದು ಕಚ್ಚುತ್ತೆ. ಯಾರ ಮೇಲೂ ಬೆರಳು ಮಾಡೋಕಾಗಲ್ಲ, ಎಲ್ರ ಮೇಲೂ ಮಾಡಬಹುದು. ಅದಕ್ಕೇ ಮುಗಿಯಲ್ಲ ಈ ಮ್ಯಾಚು. ಮುಂಬೈಯವರಿಗೆ ಅದು 39ನೇ ಕಪ್ಪು. ಮೂವತ್ತೊಂಬತ್ತರಲ್ಲಿ ಇದು ಯಾವುದು ಅಂತ ಅಲ್ಲಿ ಎಷ್ಟು ಜನಕ್ಕೆ ನೆನಪಿರುತ್ತೆ ಹೇಳಿ, ಇಲ್ಲಿ ಬಿಸಿಬೇಳೆಬಾತ್ ತಿನ್ನೋವಾಗಲೂ ಬರುತ್ತೆ.

(ಇನ್ನೊಂದು ಮಾತು. ನಾನು ಮೂರನೇ ದಿನ ಬೆಳಿಗ್ಗೆ ಕಾಲೇಜಿಗೆ ಹೋಗಿದ್ದೆ, ಅಟೆಂಡೆನ್ಸ್ ಶಾರ್ಟೇಜ್ ಇತ್ತು. ಆ ಸೆಷನ್ ನಾನು ನೋಡಿಲ್ಲ. ನನ್ನ ಏಳು ರನ್ ಅಲ್ಲೇ ಎಲ್ಲೋ ಹೋಯ್ತು ಅಂತ ನನ್ನ ಗುಮಾನಿ.)

ಗಣೇಶ್ ಸತೀಶ್

2017ರ ಡಿಸೆಂಬರ್ 21, ಅದೂ ಗುರುವಾರವೇ. ಮಾರತ್‌ಹಳ್ಳಿಯಿಂದ ವೈಟ್‌ಫೀಲ್ಡ್ ಕಡೆಗೆ ಕ್ಯಾಬಲ್ಲಿ ಹೋಗ್ತಿದ್ದೆ, ಅಂದ್ರೆ ಹೋಗ್ತಿರ್ಲಿಲ್ಲ, ನಿಂತಿದ್ದೆ. ಕೋಲ್ಕತ್ತಾದಲ್ಲಿ ವಿದರ್ಭ ಮೇಲೆ ಸೆಮಿಫೈನಲ್ಲು, ಕೊನೇ ದಿನ, ನಮಗೆ ಬೇಕಿದ್ದಿದ್ದು 198, ಹಿಂದಿನ ಸಂಜೆ 111ಕ್ಕೆ 7. ಮುಗಿದ ಕಥೆ ಅಂತ ಫೋನ್ ಬ್ಯಾಗಲ್ಲಿಟ್ಟಿದ್ದೆ. ಮನಸ್ಸು ತಡೀದೆ ತೆಗೆದು ನೋಡಿದ್ರೆ ವಿನಯ್ ಕುಮಾರ್ ಔಟು, ಆದ್ರೆ ಶ್ರೇಯಸ್ ಗೋಪಾಲ್ ಜೊತೆ ಮಿಥುನ್ ನಿಂತು ಹೊಡೀತಿದಾನೆ. ಅದೇ ಮಿಥುನ್. ನೂರೆಪ್ಪತ್ತು, ನೂರೆಂಬತ್ತು, 189. ಇನ್ನು ಒಂಬತ್ತು. ಕ್ಯಾಬಲ್ಲಿ ಪಕ್ಕದಲ್ಲಿದ್ದವಳು ಅಪರಿಚಿತೆ, ಯಾವುದೋ ಮೀಟಿಂಗಲ್ಲಿದ್ದಳು ಕಿವಿಗೆ ಹಾಕ್ಕೊಂಡು, ನಾನು ಹಲ್ಲುಕಚ್ಚಿ ಕೂತಿದ್ದು ನೋಡಿ ಮೈಕ್ ಮ್ಯೂಟ್ ಮಾಡಿ "ಆರ್ ಯು ಓಕೆ" ಅಂದಳು. 189ಕ್ಕೇ ಮಿಥುನ್ ಹೋದ, 33. ಕೊನೆಗೆ 192 ಆಲೌಟ್. ರಜನೀಶ್ ಗುರ್ಬಾನಿ ಅನ್ನೋ ಹುಡುಗ ಏಳು ವಿಕೆಟ್.

ಮಾವನಿಗೆ ಫೋನ್ ಮಾಡಿದೆ. ಎತ್ತಿದವರೇ "ಐದಲ್ಲ, ಆರು" ಅಂದ್ರು. ಅವರೂ ಕೇಳಿದ್ದು ಕೊನೇವರೆಗೂ ಅಲ್ಲ ಬಿಡಿ, ದೇವರ ಮನೆಗೆ ಹೋಗಿ ಬಾಗಿಲು ಹಾಕ್ಕೊಂಡಿದ್ರು ಅಂತ ಆಮೇಲೆ ಅತ್ತೆ ಹೇಳಿದ್ರು.

ಆದ್ರೆ ನಾನು ಬರೀಬೇಕು ಅಂದ್ಕೊಂಡಿದ್ದು ಬೇರೆ. ಆ ಮ್ಯಾಚಲ್ಲಿ ನಮಗೆ ಮೊದಲ ಇನಿಂಗ್ಸ್‌ನಲ್ಲಿ ನೂರಕ್ಕೂ ಹೆಚ್ಚು ಲೀಡ್ ಇತ್ತು, ಅವರ 185ಕ್ಕೆ ನಮ್ದು 301. ವಿದರ್ಭನ ಎರಡನೇ ಇನಿಂಗ್ಸಲ್ಲಿ ಎತ್ತಿ ನಿಲ್ಲಿಸಿದ್ದು ಗಣೇಶ್ ಸತೀಶ್, 81. ದಾವಣಗೆರೆಯ ಹುಡುಗ, ಗಂಗೋತ್ರಿಯಲ್ಲಿ ಪಾಂಡೆ ಜೊತೆ ಇರುವೆ ಸಾಲಿನ ಥರ 75 ಹೊಡೆದವನು. 2014ರಲ್ಲಿ ಹೈದರಾಬಾದಲ್ಲಿ ಮಹಾರಾಷ್ಟ್ರದ ಮೇಲೆ ನಾವು ಕಪ್ ಗೆದ್ದಾಗ ಫೈನಲ್ಲಲ್ಲಿ 117 ಹೊಡೆದವನೂ ಅವನೇ, ಅದಾದ ಮುಂದಿನ ಸೀಸನ್ನಿಗೆ ವಿದರ್ಭ ಟೀಮಿಗೆ ಆಡೋಕೆ ನಾಗಪುರಕ್ಕೆ ಹೋಗಿದ್ದ. ರಾಹುಲ್, ಕರುಣ್, ಮಯಾಂಕ್, ಸಮರ್ಥ್, ನಮ್ಮಲ್ಲಿ ಬ್ಯಾಟಿಂಗಿಗೆ ಆಗ ಕ್ಯೂ ನಿಂತಿತ್ತು. ಎದುರಾಳಿ ಟೀಮಲ್ಲಿ ಇನ್ನೊಬ್ಬ ಯಾರಿದ್ದ ಹೇಳಿ. ವಾಸಿಂ ಜಾಫರ್. ಮೈಸೂರಲ್ಲಿ ಮುಂಬೈಗೆ ಕಪ್ ಎತ್ತಿದ ಕ್ಯಾಪ್ಟನ್ನು. ಒಬ್ಬ ಅವತ್ತಿನ ನಮ್ಮವನು, ಒಬ್ಬ ಅವತ್ತಿನ ಶತ್ರು, ಏಳು ವರ್ಷ ಆದ್ಮೇಲೆ ಇಬ್ರೂ ಒಂದೇ ಡ್ರೆಸ್ಸಿಂಗ್ ರೂಮಲ್ಲಿ ಕೂತು ನಮ್ಮನ್ನ ಇನ್ನೊಂದು ಸಲ ಕೂದಲೆಳೆ ಅಂತರದಲ್ಲಿ ಸೋಲಿಸಿದ್ರು. ವಿದರ್ಭ ಮೊದಲನೇ ಸಲ ಕಪ್ ಗೆದ್ದಿದ್ದು ಆ ವರ್ಷವೇ.

ಸತೀಶ್ 81 ಹೊಡೆದ ದಿನ, ಅಂದ್ರೆ ಮ್ಯಾಚಿನ್ನೂ ನಮ್ಮ ಕೈಲೇ ಇದ್ದಾಗ, ಮಾವನೇ ಫೋನ್ ಮಾಡಿದ್ರು. ಖುಷಿಯಾಗಿದ್ರು. "ನಮ್ಮ ಸತೀಶ ಚೆನ್ನಾಗಿ ಆಡ್ದ ನೋಡು" ಅಂದ್ರು. ಯಾರ ಮೇಲೆ ಮಾವ ಅಂದೆ. ಒಂದು ಕ್ಷಣ ಸುಮ್ನಿದ್ದು "ಅದಿರ್ಲಿ ಬಿಡೋ" ಅಂದ್ರು. ಸೋತ ಮೇಲೂ ಸತೀಶನನ್ನ ಅವ್ರು ಒಂದು ಮಾತೂ ಅನ್ಲಿಲ್ಲ, ನಾನು ಅಂದೆ, ನಂಗೆ ಸಿಟ್ಟು ಬಂದಿತ್ತು, ಇಲ್ಲಿ ಬೆಳೆದು ಇಲ್ಲಿಯವರ ಬೌಲಿಂಗೇ ಓದ್ಕೊಂಡು ಹೋಗಿ ಹಿಂಗೆ ಮಾಡೋದಾ ಅಂತ. ಈಗ ಯೋಚ್ನೆ ಮಾಡಿದ್ರೆ ಆ ಮಾತು ಹೇಳಿದ ಹೊತ್ತಲ್ಲಿ ನಾನು ಏನಾಗಿದ್ದೆ? ಮೈಸೂರು ಬಿಟ್ಟು ಬೆಂಗಳೂರು, ಎರಡು ಕಂಪನಿ ಬದಲಾಯಿಸಿ ಆಗಿತ್ತು, ಮೊದಲನೇ ಕಂಪನಿಗೆ ಎದುರಾಳಿ ಕಂಪನೀಲಿ ಕೂತು ಅವರ ಕ್ಲೈಂಟನ್ನೇ ಎಳ್ಕೊಂಡು ಬರೋ ಪ್ರಾಜೆಕ್ಟಲ್ಲಿದ್ದೆ. ಆ ಗಂಗೋತ್ರಿ ಟೀಮಲ್ಲಿ ಕರ್ನಾಟಕ ಬಿಟ್ಟವನು ಸತೀಶ್ ಒಬ್ಬನೇ ಅಲ್ಲ, ಕ್ಯಾಪ್ಟನ್ ಉತ್ತಪ್ಪ ಸೌರಾಷ್ಟ್ರಕ್ಕೆ ಹೋಗಿ ಅಲ್ಲಿಂದ ಕೇರಳಕ್ಕೆ ಹೋದ್ರು, ವಿನಯ್ ಕುಮಾರ್ ಕೊನೆಗೆ ಪುದುಚೇರಿಗೆ ಆಡಿದ್ರು. ವಿನಯ್ ಹೋದಾಗ ಮಾತ್ರ ಮಾವನಿಗೆ ನಿಜಕ್ಕೂ ಬೇಜಾರಾಗಿತ್ತು. ನೋಟ್‌ಬುಕ್ಕಲ್ಲಿ ಬೌಲಿಂಗ್ ಕಾಲಮ್ಮಲ್ಲಿ ಅಷ್ಟು ವರ್ಷ ಬರೆದ ಹೆಸರು ಅದು.

ನೋಟ್‌ಬುಕ್ಕು

ಗೃಹಪ್ರವೇಶದ ದಿನ ಸಂಜೆ ಮಾವನ ಮನೆಗೆ ಹೋಗಿದ್ದೆ, ಟ್ರೈನಿಗೆ ಇನ್ನೂ ಟೈಮಿತ್ತು. ಮಾವ ಮಲಗಿದ್ರು. ಅತ್ತೆ ಕಾಫಿ ಮಾಡೋವರೆಗೆ ಬೀರು ಮೇಲಿನ ರಟ್ಟಿನ ಡಬ್ಬಿ ಇಳಿಸಿದೆ, ನೋಟ್‌ಬುಕ್ಕೆಲ್ಲ ಅಲ್ಲೇ ಇವೆ ಅಂತ ಗೊತ್ತಿತ್ತು. 2010ರದ್ದು ಬೇಗ ಸಿಕ್ತು, ಕಬ್ಬಿನ ರಸದ ಕಲೆ ಕಂದು ಬಣ್ಣಕ್ಕೆ ತಿರುಗಿ ಎರಡು ಹಾಳೆ ಅಂಟ್ಕೊಂಡಿತ್ತು. ನಿಧಾನಕ್ಕೆ ಬಿಡಿಸಿದೆ. ಪಾಂಡೆ ಸಾಲು ತುಂಬಾ ಕೆಂಪು. ಸತೀಶ್ ಸಾಲಲ್ಲಿ ಕೆಂಪು ಕಮ್ಮಿ, ಚುಕ್ಕೆ ಜಾಸ್ತಿ. ಕೆಳಗೆ ಬಾಲಂಗೋಚಿಗಳ ಸಾಲು, ಅಲ್ಲೊಂದು ಒಂದು, ಇಲ್ಲೊಂದು ಎರಡು, ಒಂದು ಓವರಿನ ಮಧ್ಯ ನಿಂತಿದೆ, ನಾಲ್ಕು ಬಾಲ್ ಬರೆದಿದಾರೆ ಐದನೇದಿಲ್ಲ. ಪೇಪರ್ ನೋಡಿ ಆಮೇಲೆ ತುಂಬಿಸಿಲ್ಲ. ಒಟ್ಟು ಅಂತ ಬರೆಯೋ ಜಾಗದಲ್ಲಿ ಗೆರೆ ಎಳೆದಿದೆ, ಅಂಕಿ ಇಲ್ಲ.

ಹಾಳೆ ತಿರುವಿದ್ರೆ ಹಿಂದೆ ಅತ್ತೆ ಕೈಬರಹ. ಹಾಲಿನ ಲೆಕ್ಕ. ಜನವರಿ 15, ಗ್ರಹಣ, ಹಾಲು ಬೇಡ ಅಂತ ಹೇಳಿತ್ತು, ಆದ್ರೂ ಹಾಕಿದ್ದಾನೆ, ಅರ್ಧ ಲೀಟರ್. ಅದರ ಪಕ್ಕದಲ್ಲಿ ಮಾವ ಕೆಂಪು ರೀಫಿಲ್ಲಲ್ಲಿ ಕಳೆದಿದ್ದಾರೆ.